ಗುಂಡಿಗಿಳಿದ ಏಡಿ

ನಿಖತ್‌ಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ವಿನೋಬನಗರದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಹಾಗೆ ಹೇಳುವವರಲ್ಲಿ ಮುಕ್ಕಾಲು ಮಂದಿ ಅವಳ ಹತ್ತಿರ ಬೈಸಿಕೊಂಡವರು, ಬೈಸಿಕೊಳ್ಳುವಂಥದ್ದನ್ನೇ ಮಾಡಿದವರು. ಸಿಟ್ಟಿನ ವಿಷಯದಲ್ಲಿ ನಾನೂ ಕಮ್ಮಿಯಿಲ್ಲ. ನನ್ನ ಹೆಸರು ವೀರೇಶ, ಕರೂರು ಕೈಗಾರಿಕಾ ಪ್ರದೇಶದಲ್ಲಿ ನನ್ನದೊಂದು ಲೇತ್ ಇದೆ. ಆದರೆ ನನ್ನ ಸಿಟ್ಟು ನಾಲ್ಕು ಮಾತು ಬೈದು ಒಂದು ಚಹಾ ಕುಡಿದರೆ ಇಳಿದುಹೋಗುತ್ತದೆ. ಅವಳದು ಕೆಟ್ಟದ್ದು ಸರಿಯಾಗುವವರೆಗೂ ಇಳಿಯುವುದಿಲ್ಲ. ಈ ಊರಿನಲ್ಲಿ ಅಂಥ ಸಿಟ್ಟಿನವರು ಇನ್ನೂ ಹತ್ತು ಜನ ಇದ್ದಿದ್ದರೆ ನಾನು ಇದನ್ನು ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ.

ಅವಳ ಅಂಗಡಿ ಎಂದರೆ ಒಂದು ಷಟರ್, ಒಂದು ಮೇಜು, ತಲೆಯ ಮೇಲೆ ಕಿರುಗುಟ್ಟುವ ಫ್ಯಾನು. ಮೇಜಿನ ತುಂಬ ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಹಸಿರು ಬೋರ್ಡುಗಳು. ನೋಡಲು ಬಿಚ್ಚಿಹಾಕಿದ ರೇಡಿಯೋದ ಹಾಗಿದ್ದರೂ ಒಂದೊಂದೂ ಪೂರ್ತಿ ಕಂಪ್ಯೂಟರು. ಒಳಗೆ ವಿಂಡೋಸಿನ ಬದಲು ಲಿನಕ್ಸ್ ಓಡುತ್ತದೆ, ಹಾರ್ಡ್ ಡಿಸ್ಕಿನ ಬದಲು ಉಗುರಿನಷ್ಟು ಅಗಲದ ಮೆಮೊರಿ ಕಾರ್ಡ್ ಇರುತ್ತದೆ. ಸಣ್ಣ ರೋಬೋಟುಗಳಿಗೆ ತಲೆಯಾಗಿ ಕೂರುವುದು ಇದೇ. ವಿದ್ಯಾನಗರದ ಕಾಲೇಜು ಹುಡುಗರು ಪ್ರಾಜೆಕ್ಟಿಗೆ ಕಟ್ಟಿದ ರೋಬೋಟು, ಕರೂರಿನ ಕಾರ್ಖಾನೆಗಳಲ್ಲಿ ಸಾಮಾನು ಒಯ್ಯುವ ತನ್ನಷ್ಟಕ್ಕೆ ಓಡಾಡುವ ಬಂಡಿ, ಯಾವುದು ಕೆಟ್ಟರೂ ಇಲ್ಲಿಗೇ ಬರುತ್ತದೆ.

ಬಂದ ಹುಡುಗರು ಮೊದಲು ದೂರುವುದು ಬೋರ್ಡನ್ನು. ಬೋರ್ಡ್ ಡೂಪ್ಲಿಕೇಟ್ ಇರಬೇಕು, ಇಲ್ಲವೇ ಲಿನಕ್ಸೇ ಸರಿಯಿಲ್ಲ ಎನ್ನುತ್ತಾರೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಿಖತ್ ಬೋರ್ಡ್ ಮುಟ್ಟುವುದೇ ಇಲ್ಲ, ಮೊದಲು ಚಾರ್ಜರ್ ವೈರನ್ನು ಎತ್ತಿ ಹಿಡಿಯುತ್ತಾಳೆ. ಬಸ್ ಸ್ಟ್ಯಾಂಡ್ ಹತ್ತಿರ ಕೊಂಡ, ದಾರದಷ್ಟು ತೆಳ್ಳಗಿನ ವೈರು. ಮೋಟಾರು ತಿರುಗಿದ ಕೂಡಲೇ ಬೋರ್ಡಿಗೆ ಕರೆಂಟು ಸಾಲದೆ ಅದು ಸತ್ತು ಹುಟ್ಟಿ, ಸತ್ತು ಹುಟ್ಟಿ ಮಾಡುತ್ತಿರುತ್ತದೆ. ವೈರು ದಪ್ಪದ್ದು ಹಾಕಿ, ಮೋಟಾರಿಗೆ ಬೇರೆ ಬ್ಯಾಟರಿ ಕೊಟ್ಟರೆ ಅರ್ಧ ರೋಗ ಅಲ್ಲೇ ವಾಸಿಯಾಗುತ್ತದೆ.

ಅವಳು ನಿಜವಾಗಿ ಕೆರಳುವುದು ಯಾರಾದರೂ ಓಡುತ್ತಿರುವ ಬೋರ್ಡಿನ ವೈರು ಕಿತ್ತಾಗ. ಟಿವಿ, ಫ್ಯಾನು ಆರಿಸಿದ ಹಾಗೆ ಇದನ್ನು ಆರಿಸುವಂತಿಲ್ಲ. ಅದು ಕಾರ್ಡಿನ ಮೇಲೆ ಏನನ್ನಾದರೂ ಬರೆಯುತ್ತಲೇ ಇರುತ್ತದೆ. ನಡುವೆ ಕರೆಂಟು ಕಿತ್ತರೆ ಬರವಣಿಗೆ ಅರ್ಧಕ್ಕೇ ನಿಂತು ಕಾರ್ಡ್ ಹಾಳಾಗಬಹುದು, ಮತ್ತೆ ವೈರು ಹಾಕಿದರೆ ಬೋರ್ಡ್ ಏಳುವುದೇ ಇಲ್ಲ. ಮೊದಲು ಅದಕ್ಕೆ ಮಲಗಲು ಹೇಳಬೇಕು, ಹಸಿರು ದೀಪ ಮಿನುಗುವುದು ನಿಲ್ಲಬೇಕು, ಆಮೇಲೆ ವೈರು. ಇದನ್ನು ಮರೆತ ಒಬ್ಬ ಹುಡುಗನಿಗೆ ಅವಳು ಬೈದದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ.

"ಉಣ್ಣೋರ ಮುಂದಿನ ಎಲೆ ಎಳೀತಿಯೇನೋ? ಎದ್ದೇಳೋ ತನಕ ತಡಕೊಳ್ಳಾಕಾಗಲ್ವಾ ನಿಂಗೆ?"

ಅಂಗಡಿ ಅವಳ ಅಪ್ಪ ಹಿದಾಯತ್ ಸಾಹೇಬರದು. ಅವರು ಮೊದಲು ರೇಡಿಯೋ, ಆಮೇಲೆ ಟಿವಿ ರಿಪೇರಿ ಮಾಡುತ್ತಿದ್ದರು. ರಿಪೇರಿಗೆ ಬಂದವರಿಗೆ ಗದರಿದ ಒಂದೇ ಒಂದು ದಿನ ಇರಲಿಲ್ಲ, ಅಷ್ಟು ಸಾಧು ಮನುಷ್ಯ. ಅವರ ಪಾಲಿನ ಸಿಟ್ಟೂ ಮಗಳಿಗೇ ಬಂದಿದೆ ಎಂದು ನಾವು ತಮಾಷೆ ಮಾಡುತ್ತೇವೆ. ಅವಳು ಡಿಪ್ಲೊಮಾ ಮುಗಿಸಿ ಕರೂರಿನ ಒಂದು ಕಾರ್ಖಾನೆಯಲ್ಲಿ ಆ ಸಾಮಾನು ಬಂಡಿಗಳ ಬೋರ್ಡು ನೋಡಿಕೊಳ್ಳುವ ಕೆಲಸಕ್ಕೆ ಸೇರಿದ್ದಳು. ಒಂದು ದಿನ ಬಂಡಿಯೊಂದು ನಿಲ್ಲಬೇಕಾದಲ್ಲಿ ನಿಲ್ಲದೆ ಕೆಲಸದವನೊಬ್ಬನ ಕಾಲ ಮೇಲೆ ಹತ್ತಿತು. ಸೆನ್ಸರಿನ ವೈರು ಸಡಿಲವಾಗಿದೆ, ಬಂಡಿ ನಿಲ್ಲಿಸಿ ಎಂದು ಅವಳು ಮುಂಚೆಯೇ ಬಡಕೊಂಡಿದ್ದಳು. ಆದರೆ ಕೆಲಸದವನೇ ಅಡ್ಡ ಬಂದ ಎಂದು ಹೇಳಲು ಮ್ಯಾನೇಜರು ಅವಳಿಗೆ ಹೇಳಿದ. ಅವಳು ಇಡೀ ಷೆಡ್ಡಿಗೆ ಕೇಳುವಂತೆ ಅವನಿಗೆ ಬೈದು, ಅವತ್ತೇ ಕೆಲಸ ಬಿಟ್ಟು ಅಪ್ಪನ ಅಂಗಡಿಗೆ ಬಂದು ಕೂತಳು.

ಜಂಬಯ್ಯ ಆ ಅಂಗಡಿಗೆ ಬಂದದ್ದು ನೀರಿಗೆ ಬಿದ್ದ ಮೊಬೈಲ್ ಹಿಡಿದುಕೊಂಡು. ಐವತ್ತರ ಆಸುಪಾಸಿನ ಮನುಷ್ಯ, ಅದೇ ವಿನೋಬನಗರದವನು. ಮೊಬೈಲ್ ಬಿಚ್ಚಿದ ಕೂಡಲೇ ನಿಖತ್‌ಗೆ ವಾಸನೆ ಹೊಡೆಯಿತು. ಎಲ್ಲಿ ಬಿತ್ತು ಎಂದು ಕೇಳಿದಳು. ಚರಂಡಿ ಗುಂಡಿಯಲ್ಲಿ ಎಂದ. ತೆಗೆದವರು ಯಾರು ಎಂದು ಕೇಳಿದಳು. ನಾನೇ, ಅದರೊಳಗೇ ಇದ್ದೆನಲ್ಲ ಎಂದ ಜಂಬಯ್ಯ, ತೋಟದಲ್ಲಿದ್ದೆ ಎಂದವನ ಹಾಗೆ. ಕೆದಕಿ ಕೇಳಿದಾಗ ಪೂರ್ತಿ ಸಂಗತಿ ಹೊರಬಿತ್ತು. ಅವನು ಬಕ್ಕೇಶನ ಹತ್ತಿರ ಕೆಲಸಕ್ಕಿದ್ದ. ಬಕ್ಕೇಶನದು ಲಾಡ್ಜು, ಹೋಟೆಲು, ಕಲ್ಯಾಣ ಮಂಟಪಗಳ ಚರಂಡಿ ಕಟ್ಟಿಕೊಂಡರೆ ಬಿಡಿಸುವ ಕಂತ್ರಾಟು. ಅವನ ಹತ್ತಿರ ನೀರು ಹೀರುವ ಗಾಡಿ ಇದೆ, ಜೋರಾಗಿ ನೀರು ಚಿಮ್ಮಿಸುವ ಜೆಟ್ ಪೈಪು ಇದೆ. ಆದರೆ ಆ ಪೈಪಿನ ಮೂತಿಯನ್ನು ಗುಂಡಿಯ ತಳದಲ್ಲಿ ಹಿಡಿದು ಸರಿಯಾದ ಬಾಯಿಗೆ ತೂರಿಸುವುದಕ್ಕೆ, ಸಿಕ್ಕಿಕೊಂಡ ಬಟ್ಟೆ ಪ್ಲಾಸ್ಟಿಕ್ ಎಳೆಯುವುದಕ್ಕೆ ಒಬ್ಬ ಇಳಿಯಲೇಬೇಕು. ಮನುಷ್ಯರನ್ನು ಇಳಿಸಬಾರದೆಂದು ಕಾನೂನಿದೆ. ಕಾನೂನು ಮೇಲಿತ್ತು, ಜಂಬಯ್ಯ ಕೆಳಗಿದ್ದ. ಹಿಂದಿನ ಬೇಸಿಗೆಯಲ್ಲಿ ಒಂದು ಲಾಡ್ಜಿನ ಗುಂಡಿಯಲ್ಲಿ ಗಾಳಿ ಕೆಟ್ಟು ಪ್ರಜ್ಞೆ ತಪ್ಪಿ, ಹಗ್ಗ ಎಳೆದು ಅವನನ್ನು ಮೇಲೆ ತಂದು, ಮನೆಗೆ ಹೊತ್ತುಕೊಂಡು ಹೋಗಿದ್ದರು. ಬಕ್ಕೇಶ ಸೋಡಾ ಕುಡಿಸಿದನಂತೆ. ಮರುದಿನ ಬೇರೆ ಗುಂಡಿಗೆ ಕರೆದನಂತೆ. ಇದನ್ನು ಜಂಬಯ್ಯ ದೂರಾಗಿ ಹೇಳಲಿಲ್ಲ. ಸಾವ್ಕಾರರು ಸೋಡಾ ಕುಡಿಸಿದ್ದನ್ನು ಉಪಕಾರವೆಂದೇ ಹೇಳಿದ.

ಈ ಬಕ್ಕೇಶ ನನ್ನ ಸೋದರತ್ತೆಯ ಮಗ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೌದು.

ಅವತ್ತು ಮಧ್ಯಾಹ್ನವೇ ನಿಖತ್ ನನ್ನ ಲೇತಿಗೆ ಬಂದು, ನಿಂತ ಕಾಲಲ್ಲೇ, ಗುಂಡಿಗಿಳಿಯುವ ರೋಬೋಟಿಗೆ ಒಂದು ಮೈ ಮಾಡಿಕೊಡು ಎಂದಳು. ಮಾಡಿಕೊಡ್ತೀಯಾ ಎಂದು ಕೇಳಲಿಲ್ಲ. ನಾನು ಸ್ಟೀಲಿನ ಪೆಟ್ಟಿಗೆ ಮಾಡಿ, ಎರಡೂ ಕಡೆ ಟ್ಯಾಂಕಿನಂಥ ಪಟ್ಟಿಚಕ್ರ ಹಾಕಿ, ಮುಂದೆ ಇಕ್ಕಳದಂಥ ಒಂದು ಕೊಂಡಿ ಕೂರಿಸಿದೆ. ಆ ಕೊಂಡಿಯಿಂದಲೇ ಅದಕ್ಕೆ ಏಡಿ ಎಂಬ ಹೆಸರು ಬಂತು. ಒಳಗಿನ ಬೋರ್ಡು, ಕ್ಯಾಮೆರಾ, ದೀಪ, ವಿಷಗಾಳಿ ಅಳೆಯುವ ಸೆನ್ಸರು ಎಲ್ಲ ಅವಳದು.

ಒಂದೇ ಸಲಕ್ಕೆ ಯಾವುದೂ ಆಗಲಿಲ್ಲ. ಮೊದಲ ಸಲ ನನ್ನ ನೀರಿನ ತೊಟ್ಟಿಯಲ್ಲಿ ಇಳಿಸಿದಾಗ ಪೆಟ್ಟಿಗೆಯ ಸಂದಿಯಿಂದ ನೀರು ನುಗ್ಗಿ ಬೋರ್ಡು ಸುಟ್ಟಿತು. ಅವಳು ನನ್ನ ಕೈಕೆಲಸಕ್ಕೆ ಬೈದಳು, ನಾನು ಅವಳ ನಾಲಿಗೆಗೆ ಬೈದೆ. ಎರಡನೆಯದಕ್ಕೆ ನೀರು ಹೋಗದಂತೆ ಎಲ್ಲ ಬಿಗಿ ಮಾಡಿದರೆ ಒಳಗೆ ಗಾಳಿಯೂ ಇಲ್ಲದೆ ಬೋರ್ಡು ಕಾದು, ಚಿತ್ರ ನಿಂತು ನಿಂತು ಬರತೊಡಗಿತು. ಬೋರ್ಡಿನ ಚಿಪ್‌ಗೂ ಸ್ಟೀಲಿನ ಮೈಗೂ ನಡುವೆ ತಾಮ್ರದ ತುಂಡು ಕೂರಿಸಿ ಬಿಸಿ ಹೊರಗೆ ಹೋಗುವ ಹಾಗೆ ಮಾಡಿದಳು. ಗುಂಡಿಯೊಳಕ್ಕೆ ವೈಫೈ ಇಳಿಯುವುದಿಲ್ಲ, ಅದಕ್ಕೆ ಉದ್ದನೆಯ ಕೇಬಲ್ ಎಳೆದಳು. ಜಂಬಯ್ಯ ಬಂದು ನೋಡಿ ಹೋಗುತ್ತಿದ್ದ. ನಾನು ಹಗ್ಗದ ಕೊಕ್ಕೆಯನ್ನು ಏಡಿಯ ತಲೆಗೆ ಹಾಕಿದ್ದು ಕಂಡು, ಹಿಂಗೆ ಕಟ್ಟಿದರೆ ಪೈಪಿನೊಳಗೆ ಅಡ್ಡ ಸಿಕ್ಕಿಕೊಳ್ಳುತ್ತದೆ, ಬಾಲಕ್ಕೆ ಕಟ್ಟಿರಿ ಎಂದ. ಅವನಿಗೆ ಅದು ಹೇಗೆ ಗೊತ್ತು ಎಂದು ನಾನು ಕೇಳಲಿಲ್ಲ. ಕೊಕ್ಕೆ ಬದಲಾಯಿಸಿದೆ.

ಏಡಿ ಕೊನೆಗೂ ನನ್ನ ತೊಟ್ಟಿಯಲ್ಲಿ ಕಲ್ಲು, ಚಿಂದಿ ಎಲ್ಲ ಎಳೆದು ಹಾಕಿತು. ನಾನು ಬಕ್ಕೇಶನಿಗೆ ತೋರಿಸಿದೆ. ದೊಡ್ಡ ಹೋಟೆಲಿನವರು ಈಗೀಗ ಮನುಷ್ಯರನ್ನು ಇಳಿಸುತ್ತೀರಾ ಎಂದು ಕೇಳುತ್ತಾರಂತೆ, ಅದಕ್ಕೆ ಅವನಿಗೂ ಇದು ಬೇಕಾಗಿತ್ತು. ನಿಖತ್ ಒಂದೇ ಕರಾರು ಹಾಕಿದಳು. ಏಡಿ ಕೊಟ್ಟ ದಿನದಿಂದ ಜಂಬಯ್ಯನಾಗಲಿ, ಇನ್ನೊಬ್ಬನಾಗಲಿ ಗುಂಡಿಗೆ ಇಳಿಯಕೂಡದು. ಬಕ್ಕೇಶ ದೇವರ ಆಣೆ ಎಂದ. ಅವನ ಬಾಯಲ್ಲಿ ದೇವರು ಬಹಳ ಅಗ್ಗ ಎಂದು ನನಗಾದರೂ ಹೊಳೆಯಬೇಕಿತ್ತು.

ಶುಕ್ರವಾರ ಮೊದಲ ಕೆಲಸ. ಹರಿಹರದಲ್ಲಿ, ಹೊಳೆ ಕಡೆಗಿರುವ ಒಂದು ಕಲ್ಯಾಣ ಮಂಟಪ. ಮರುದಿನ ಮದುವೆ, ಸಂಜೆಗೆ ಹೆಣ್ಣಿನ ಕಡೆಯವರು ಇಳಿಯುವವರಿದ್ದರು, ಆದರೆ ಊಟದ ಹಾಲ್‌ನಲ್ಲಿ ಚರಂಡಿ ನೀರು ಮೇಲೆ ಬಂದು ನಿಂತಿತ್ತು. ಬಕ್ಕೇಶ ಇದನ್ನು ಕೆಲಸವೆಂದು ಮಾಡದೆ ಸಮಾರಂಭವೆಂದು ಮಾಡಿದ್ದ. ಹಿತ್ತಲಿನ ಗುಂಡಿಯ ಸುತ್ತ ಮಾವಿನ ತೋರಣ, ಏಡಿಗೊಂದು ಚೆಂಡು ಹೂವಿನ ಹಾರ, ಫೋಟೋದವನು, ನಾಲ್ಕು ಜನ ಮುಖಂಡರು. ಮಂಟಪದ ಮ್ಯಾನೇಜರು ಉಜ್ಜನಪ್ಪನವರು ಹಣೆ ತುಂಬ ವಿಭೂತಿ ಬಳಿದುಕೊಂಡು ಓಡಾಡುತ್ತಿದ್ದರು. ಜಂಬಯ್ಯನನ್ನೂ ಕರೆಸಿದ್ದ ಬಕ್ಕೇಶ. ಹಗ್ಗ ಹಿಡಿಯಲಿಕ್ಕೆ ಎಂದಿದ್ದ.

ನಿಖತ್ ಹನ್ನೊಂದರ ಸುಮಾರಿಗೆ ಏಡಿಯನ್ನು ಚಾಲೂ ಮಾಡಿದಳು. ಈ ಗುಂಡಿ ನಮ್ಮ ತೊಟ್ಟಿಗಿಂತ ಆಳ, ಅದಕ್ಕೆ ತಕ್ಕಂತೆ ಪ್ರೋಗ್ರಾಮಿನಲ್ಲಿ ಕೆಲವು ಬದಲಾವಣೆ ಬರೆಯಬೇಕಿತ್ತು. ಕೊನೆಯ ಬದಲಾವಣೆ ಮುಗಿದ ಮೇಲೆ ಕಾರ್ಡಿನ ಮೇಲೆ ಮತ್ತೇನೂ ಬರೆಯದಂತೆ ಬೀಗ ಹಾಕುವುದು ಅವಳ ಪದ್ಧತಿ. ಹಾಗೆ ಮಾಡಿದ ಮೇಲೆ ಯಾವನು ವೈರು ಕಿತ್ತರೂ ಚಿಂತೆಯಿಲ್ಲ. ಬರೆಯಲು ಹಚ್ಚಿ, ಅದು ಮುಗಿಯುವಷ್ಟರಲ್ಲಿ ಕೇಬಲ್ ಸುರುಳಿ ತರೋಣ ಎಂದು ಅವಳು ಗಾಡಿಯ ಕಡೆ ಹೋದಳು, ನಾನೂ ಕೈಜೋಡಿಸಲು ಹೋದೆ. ಬಂದು ನೋಡಿದರೆ ಏಡಿಯ ದೀಪ ಆರಿತ್ತು. ಹನ್ನೆರಡಕ್ಕೆ ನಾವೇ ಹಾಕೋಣ ಅಂತ ಆರಿಸಿದ್ದೇವೆ, ನೀವು ಊಟ ಮಾಡಿ ಎಂದರು ಉಜ್ಜನಪ್ಪನವರು. ಯಾರು ಆರಿಸಿದರು, ಹೇಗೆ ಆರಿಸಿದರು ಎಂದು ನಿಖತ್ ಕೇಳುವಷ್ಟರಲ್ಲಿ ಫೋಟೋದವನು ಎಲ್ಲರನ್ನೂ ಸಾಲಾಗಿ ನಿಲ್ಲಿಸತೊಡಗಿದ. ಏಡಿ ಮುಟ್ಟಲು ಹೋದ ಅವಳನ್ನು ಈಗ ಬ್ಯಾಡ ಈಗ ಬ್ಯಾಡ ಎಂದು ನಾಲ್ಕು ಕೈ ತಡೆದವು.

ಹನ್ನೆರಡಾಯಿತು. ತೆಂಗಿನಕಾಯಿ ಒಡೆದರು, ಆರತಿ ಎತ್ತಿದರು. ಒಬ್ಬ ಮುಖಂಡರು ಬೆರಳಲ್ಲಿ ಸ್ವಿಚ್ ಒತ್ತಿ, ಫೋಟೋಕ್ಕೆಂದು ಬೆರಳನ್ನು ಅಲ್ಲೇ ಇಟ್ಟುಕೊಂಡು ನಿಂತರು. ಲ್ಯಾಪ್‌ಟಾಪಿನ ಪರದೆ ಕಪ್ಪಗೇ ಉಳಿಯಿತು. ನಿಖತ್ ಮಂಡಿಯೂರಿ ಕೂತು ಪೆಟ್ಟಿಗೆ ಬಿಚ್ಚಿ, ಬೋರ್ಡಿಗೆ ಬೇರೆ ವೈರು ಸಿಕ್ಕಿಸಿ ನೋಡಿದಳು. ಪರದೆಯ ಮೇಲೆ ಸಾಲು ಸಾಲು ಅಕ್ಷರ ಬಂದು ಒಂದು ಕಡೆ ನಿಂತುಬಿಟ್ಟವು. ಕಾರ್ಡು ಹಾಳಾಗಿತ್ತು.

ವೈರು ಕಿತ್ತವರು ಯಾರು ಎಂದು ಕೇಳಿದಳು.

"ನಾನೇ ತಂಗಿ," ಎಂದ ಬಕ್ಕೇಶ, ಏನೋ ದೊಡ್ಡ ಗಂಡಾಂತರ ತಪ್ಪಿಸಿದವನಂತೆ. "ಶುಕ್ರವಾರ ಹತ್ತೂವರೆಯಿಂದ ರಾಹುಕಾಲ ಐತಲ್ಲ. ಹೊಸಾ ಯಂತ್ರ, ರಾಹುಕಾಲದಾಗೆ ಚಾಲೂ ಆಗಿ ಕುಂತಿತ್ತು. ಎಳೆದುಬಿಟ್ಟೆ."

ನಾನು ಅವಳ ಮುಖ ನೋಡಿದೆ. ಬೈಗುಳ ಬರುತ್ತದೆ ಎಂದು ಕಾದೆ. ಬರಲಿಲ್ಲ, ಅದಕ್ಕೇ ನನಗೆ ಹೆದರಿಕೆಯಾಯಿತು. ಹೊಸ ಕಾರ್ಡು ಇದೆ, ಲ್ಯಾಪ್‌ಟಾಪಿನಿಂದ ಎಲ್ಲವನ್ನೂ ಅದಕ್ಕೆ ಬರೆಯುತ್ತೇನೆ, ಅರ್ಧ ತಾಸು ಹಿಡಿಯುತ್ತದೆ ಎಂದಷ್ಟೇ ಹೇಳಿ ಕೆಲಸ ಹಚ್ಚಿದಳು.

ಆಗ ಶುರುವಾಯಿತು ನೋಡಿ ಇವರ ಅವಸರ. ಉಜ್ಜನಪ್ಪನವರಿಗೆ ಊಟದ ಹಾಲ್ ತೊಳೆಸಬೇಕು. ಅಡಿಗೆಯವರಿಗೆ ಪಾತ್ರೆ ಇಳಿಸಬೇಕು. ಮುಖಂಡರಿಗೆ ಇನ್ನೊಂದು ಕಾರ್ಯಕ್ರಮ. ಯಂತ್ರ ನಂಬಿ ಕೂತರೆ ಹಿಂಗೇ ಎಂದರು ಒಬ್ಬರು. ಅಪಶಕುನ ಎಂದರು ಇನ್ನೊಬ್ಬರು. ಬಕ್ಕೇಶ ಯಾರಿಗೂ ಏನೂ ಹೇಳದೆ ಜಂಬಯ್ಯನ ಕಡೆ ಗದ್ದ ಎತ್ತಿ ಒಂದು ಸನ್ನೆ ಮಾಡಿದ. ಅಷ್ಟೇ. ಜಂಬಯ್ಯ ಅಂಗಿ ಬಿಚ್ಚಿ ಮಡಿಸಿ ಗೋಡೆಯ ಮೇಲಿಟ್ಟು, ಹಗ್ಗ ಸೊಂಟಕ್ಕೆ ಸುತ್ತತೊಡಗಿದ. ದೇವರ ಆಣೆ ಇಟ್ಟು ವಾರವೂ ಆಗಿರಲಿಲ್ಲ.

ನನಗೆ ಮೈಯೆಲ್ಲ ಉರಿದುಹೋಯಿತು. ರಾಹು ಎಂಬ ಕಣ್ಣಿಗೆ ಕಾಣದವನು ದಾಟಿಹೋಗಲೆಂದು ಒಂದೂವರೆ ತಾಸು ಬಾಳೆಹಣ್ಣು ತಿನ್ನುತ್ತ ಕೂತವರಿಗೆ, ಕಣ್ಣೆದುರು ನಿಂತ ಮನುಷ್ಯನಿಗಾಗಿ ಅರ್ಧ ತಾಸು ಕೂರಲು ಆಗಲಿಲ್ಲ. ಇವರ ಪಂಚಾಂಗದಲ್ಲಿ ಯಂತ್ರಕ್ಕೆ ಕೆಟ್ಟ ಗಳಿಗೆ ಇದೆ, ಜಂಬಯ್ಯನಿಗೆ ಮಾತ್ರ ಎಲ್ಲ ಗಳಿಗೆಯೂ ಒಳ್ಳೆಯದೇ.

ನಾನು ಬಾಯಿ ತೆರೆಯುವುದರೊಳಗೆ ನಿಖತ್ ಎದ್ದಳು. ಲ್ಯಾಪ್‌ಟಾಪ್ ಎತ್ತಿಕೊಂಡು ಹೋಗಿ, ಮುಚ್ಚಳ ತೆಗೆದಿಟ್ಟಿದ್ದ ಗುಂಡಿಯ ಅಂಚಿನಲ್ಲಿ ಕಾಲು ಒಳಕ್ಕೆ ಇಳಿಬಿಟ್ಟು ಕೂತಳು. ಆ ಬಾಯಲ್ಲಿ ಒಬ್ಬರಿಗಷ್ಟೇ ಜಾಗ. ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಕಾರ್ಡು ಬರೆಯುವುದನ್ನು ನೋಡುತ್ತ ಕೂತುಬಿಟ್ಟಳು.

ಎಲ್ಲರೂ ಒಟ್ಟಿಗೆ ಮಾತಾಡಿದರು. ಹೆಣ್ಣುಮಗಳು ಹಿಂಗೆ ಕೂರಬಾರದು ಎಂದರು ಉಜ್ಜನಪ್ಪನವರು. ಎರಡು ನಿಮಿಷದ ಕೆಲಸ, ಅವನಿಗೆ ಅಭ್ಯಾಸ ಐತೆ ಎಂದ ಬಕ್ಕೇಶ. ಅವಳು ತಲೆಯೆತ್ತಲಿಲ್ಲ. ಕೊನೆಗೆ ಅವಳ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತವನು ಜಂಬಯ್ಯ.

"ನಿಖತವ್ವಾ, ಏಳು. ನೀ ಇವತ್ತು ಸಿಟ್ಟು ಮಾಡಿ ಊರಿಗೆ ಹೋಗ್ತಿ. ನಾಳೆ ನನ್ನ ಕೆಲಸಕ್ಕೆ ಕರಿಯೋರು ಇವ್ರೇ. ಹೋದ ವರ್ಷನೂ ಇದೇ ಗುಂಡಿ ಇಳಿದೀನಿ, ಏನಾತು?"

ಅವಳಿಗೆ ಆಗ ಸಿಟ್ಟು ಬಂತು, ಅದೂ ಜಂಬಯ್ಯನ ಮೇಲೆ.

"ಏನಾತು ಅಂತ ನಿಮ್ಮ ಮನ್ಯಾಗೆ ಕೇಳ್ರಿ ಕಾಕಾ. ಆ ಲಾಡ್ಜಿನಿಂದ ನಿಮ್ಮನ್ನ ಎತ್ಕೊಂಡು ಬಂದಾಗ ಬಾಗಲಾಗೆ ನಿಂತಿದ್ರಲ್ಲ, ಅವ್ರನ್ನ ಕೇಳ್ರಿ. ನಾ ಏಳಲ್ಲ. ಇಳೀಬೇಕಂದ್ರೆ ನನ್ನ ತುಳದು ಇಳೀರಿ."

ಬಕ್ಕೇಶ ಅವಳ ತೋಳಿಗೆ ಕೈ ಹಾಕಲು ಮುಂದೆ ಬಂದ. ನಾನು ನಡುವೆ ನಿಂತೆ. ಜಂಬಯ್ಯನ ಸೊಂಟದ ಗಂಟು ಬಿಚ್ಚಿ ಹಗ್ಗವನ್ನು ನನ್ನ ಕೈಗೆ ಸುತ್ತಿಕೊಂಡೆ.

"ಅಷ್ಟು ಅವಸರ ಇದ್ರೆ ಹೇಳು ಬಕ್ಕೇಶ. ನಿನ್ನ ಸೊಂಟಕ್ಕೆ ಕಟ್ತೀನಿ, ಗಟ್ಟಿಯಾಗಿ ಹಿಡ್ಕೊಂತೀನಿ. ನೆಂಟಸ್ತಿಕೆಗೆ ಮೋಸ ಮಾಡಲ್ಲ."

ಅವನು ನಗಲು ನೋಡಿದ, ಆಗಲಿಲ್ಲ. ಮುಖಂಡರು ಒಬ್ಬೊಬ್ಬರಾಗಿ ವಾಚು ನೋಡಿಕೊಂಡು ಜಾಗ ಖಾಲಿ ಮಾಡಿದರು. ಫೋಟೋದವನು ಮಾತ್ರ ಊಟಕ್ಕೆಂದು ಉಳಿದುಕೊಂಡ.

ಕಾರ್ಡು ಸಿದ್ಧವಾಯಿತು. ನಿಖತ್ ಅದನ್ನು ಬೋರ್ಡಿಗೆ ಹಾಕಿದಳು, ಹಸಿರು ದೀಪ ಮಿನುಗಿತು, ಪರದೆಯಲ್ಲಿ ಚಿತ್ರ ಬಂತು. ಬರೆಯಬೇಕಾದ ಬದಲಾವಣೆ ಬರೆದು, ಕಾರ್ಡಿಗೆ ಬೀಗ ಹಾಕಿ, ಆಮೇಲೆ ಅವಳು ಗುಂಡಿಯ ಬಾಯಿ ಬಿಟ್ಟು ಎದ್ದಳು. ಹಾರ ಕಿತ್ತು ಎಸೆದು ಏಡಿಯನ್ನು ಹಗ್ಗದಲ್ಲಿ ಇಳಿಸಿದೆವು. ಅರ್ಧ ದಾರಿಯಲ್ಲೇ ವಿಷಗಾಳಿಯ ಅಂಕಿ ಕೆಂಪಾಗಿ, ಲ್ಯಾಪ್‌ಟಾಪ್ ಕೂಗತೊಡಗಿತು. ಅದು ಕೂಗುತ್ತಿದ್ದಷ್ಟು ಹೊತ್ತೂ ಯಾರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನಿಖತ್ ಅದರ ದನಿ ಕಮ್ಮಿ ಮಾಡಿ, ಹುಡುಗರು ಆಟಕ್ಕೆ ಬಳಸುವಂಥ ರಿಮೋಟನ್ನು ಜಂಬಯ್ಯನ ಕೈಗೆ ಕೊಟ್ಟಳು. ಯಂತ್ರ ನನಗೆ ಗೊತ್ತು, ಗುಂಡಿ ನಿಮಗೆ ಗೊತ್ತು, ನೀವೇ ನಡೆಸಿರಿ ಎಂದಳು.

ಜಂಬಯ್ಯ ಅಂಗಿಯಿಲ್ಲದೆ ನೆಲಕ್ಕೆ ಕೂತು, ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದ. ಮೇಲಿನ ನೀರನ್ನೆಲ್ಲ ಬಕ್ಕೇಶನ ಗಾಡಿ ಬೆಳಿಗ್ಗೆಯೇ ಹೀರಿತ್ತು, ಏಡಿ ತಳ ಮುಟ್ಟಿತು. ಅವಳು ದೀಪ ಪೂರ್ತಿ ಹಾಕಿದಳು.

ಗುಂಡಿಯೊಳಗೆ ಅವನು ಯಾವತ್ತೂ ಕಣ್ಣು ಬಿಟ್ಟವನಲ್ಲ. ಎದೆಮಟ್ಟದ ಕೊಳಕಿನಲ್ಲಿ ಮುಖ ಮೇಲೆತ್ತಿ, ಕಣ್ಣು ಬಿಗಿಯಾಗಿ ಮುಚ್ಚಿ, ಕಾಲಲ್ಲಿ ತಡವಿ ಕೈಯಲ್ಲಿ ಎಳೆಯುವುದಷ್ಟೇ ಅವನ ಕೆಲಸವಾಗಿತ್ತು. ಈಗ ಬೆಳಕಿನಲ್ಲಿ ಎಲ್ಲ ಕಂಡಿತು. ಗೋಡೆಯ ತುಂಬ ಒಂದರ ಮೇಲೊಂದು ಹರಿದಾಡುವ ಜಿರಲೆ. ಮುಖದ ಎತ್ತರಕ್ಕೆ ಸರಿಯಾಗಿ ಗೋಡೆಯಿಂದ ಚಾಚಿಕೊಂಡ, ತುಕ್ಕು ಹಿಡಿದ ಕಬ್ಬಿಣದ ಸರಳು. ಏಡಿ ಕೊಳಕನ್ನು ಸರಿಸಿದ ಕಡೆಯಲ್ಲೆಲ್ಲ, ಕಾಲೂರುವ ಜಾಗದಲ್ಲಿ, ಒಡೆದ ಬಾಟಲಿಗಳ ಚೂರು. ಅವನ ಹೆಬ್ಬೆರಳು ಒತ್ತುವುದನ್ನು ನಿಲ್ಲಿಸಿತು. ತನ್ನ ಪಾದವನ್ನು ಒಮ್ಮೆ ನೋಡಿಕೊಂಡ. ಅಂಗಾಲಿನಲ್ಲಿ ಹಳೆಯ ಗಾಯದ ಗೆರೆಗಳಿದ್ದವು. ಮತ್ತೆ ಪರದೆ ನೋಡಿದ. ಅವನ ದವಡೆ ಬಿಗಿಯಾಯಿತು. ಆ ಮನುಷ್ಯನಿಗೆ ಸಿಟ್ಟು ಬಂದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅವನು ರಿಮೋಟು ಕೆಳಗಿಟ್ಟು, ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಎದ್ದು ಹೋಗಿ ಬಕ್ಕೇಶನ ಮುಖದ ಮುಂದೆ ಹಿಡಿದ. ಬೆಳಗಿನಿಂದ ಆ ಗುಂಡಿಯ ಪಕ್ಕದಲ್ಲೇ ನಗುನಗುತ್ತ ಫೋಟೋಕ್ಕೆ ನಿಂತಿದ್ದ ಬಕ್ಕೇಶ ಈಗ ಒಂದು ಹೆಜ್ಜೆ ಹಿಂದೆ ಸರಿದು, ಕರ್ಚೀಪು ತೆಗೆದು ಮೂಗಿಗೆ ಒತ್ತಿಕೊಂಡ. ಜಂಬಯ್ಯ ಆ ಒಂದು ಹೆಜ್ಜೆಯನ್ನು ತಾನೂ ಮುಂದಿಟ್ಟ.

"ಇದ್ರಾಗೆ ವಾಸನೆ ಬರಲ್ಲ ಸಾವ್ಕಾರ್ರೆ," ಎಂದ. "ಕೈ ತೆಗೀರಿ. ಪೂರ್ತಿ ನೋಡ್ರಿ."